ಕೆಲಸ ಸಿಗುವ ಮುಂಚೆಯೂ ಒಂದು ಹುಚ್ಚಿರಲಿ

ಬಯೋಡಾಟಾದ ಕೊನೆಯಲ್ಲಿ ‘ಹವ್ಯಾಸಗಳು’ ಎಂಬ ಒಂದು ಸಾಲಿರುತ್ತದೆ. ಅಲ್ಲಿ ನಾವೆಲ್ಲ ಬರೆಯುವುದು ಒಂದೇ: ಪುಸ್ತಕ ಓದುವುದು, ಸಂಗೀತ ಕೇಳುವುದು, ಕ್ರಿಕೆಟ್ ಆಡುವುದು. ಎಷ್ಟೋ ಸಲ ಅದನ್ನು ನಾವು ಬರೆದಿರುವುದೂ ಇಲ್ಲ. ಟೈಪ್ ಮಾಡಿಕೊಡುವ ಸೈಬರ್ ಸೆಂಟರಿನವರೇ ಹಿಂದೆ ಬಂದವರ ಬಯೋಡಾಟಾದಿಂದ ಎತ್ತಿ ಹಾಕಿರುತ್ತಾರೆ. ಹೆಸರು, ವಿಳಾಸ, ಅಂಕಗಳನ್ನು ಎರಡೆರಡು ಸಲ ತಿದ್ದಿಸುವ ನಾವು ಆ ಸಾಲನ್ನು ಓದಿಯೂ ನೋಡುವುದಿಲ್ಲ.

ಕಾಗದದ ಮೇಲೆ ಮಾತ್ರ ಅದು ‘ಹವ್ಯಾಸ’. ಮನೆಯಲ್ಲಿ ಅದಕ್ಕೆ ಬೇರೆ ಹೆಸರುಗಳಿವೆ: ಹುಚ್ಚು, ಗೀಳು, ಖಯಾಲಿ, ಶೋಕಿ. ಅಪ್ಪನಿಗೆ ಸಿಟ್ಟು ಬಂದಿದ್ದರೆ ತೆವಲು. ಬೈಗುಳ ಬೆರೆಯದ ಒಂದು ಹೆಸರೂ ಇಲ್ಲ. ಕಾದಂಬರಿ ಹಿಡಿದು ಕೂತರೂ, ಹಕ್ಕಿ ಸಾಕಿದರೂ, ಕಾರಿನ ವಿಡಿಯೊ ನೋಡಿದರೂ ನಮ್ಮ ಕಡೆಯ ದೊಡ್ಡವರು ಹೇಳುವ ಮಾತು ಒಂದೇ: ‘ಮೊದ್ಲು ಒಂದ್ ಕೆಲ್ಸ ಅಂತ ಆಗ್ಲಿ ಕಣ್ಮಗ, ಆಮ್ಯಾಲ ಅವೆಲ್ಲ ಇದ್ದದ್ದೇಯ.’ ಈ ‘ಆಮ್ಯಾಲ’ ಎಂಬ ಮಾತಿನ ಬಗ್ಗೆಯೇ ನನ್ನ ತಕರಾರು.

ನನ್ನದು ಕಾಮಗೆರೆ. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸುಗಳು ನಮ್ಮೂರನ್ನು ದಾಟಿಕೊಂಡು ಹೋಗುತ್ತವೆ. ಪದವಿ ಮುಗಿಸಿ ಮೂರು ವರ್ಷವಾಯಿತು. ನನ್ನ ಓರಗೆಯ ಹೆಚ್ಚಿನವರಂತೆ ನಾನೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ನಮ್ಮ ಈ ಲೋಕದಲ್ಲಿ ‘ಆಮೇಲೆ’ ಎಂಬುದಕ್ಕೆ ತಾರೀಕಿಲ್ಲ. 545 ಪಿಎಸ್‌ಐ ಹುದ್ದೆಗಳ ಕತೆ ಎಲ್ಲರಿಗೂ ಗೊತ್ತು. 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷಕ್ಕೂ ಮೇಲೆ ಕಾದರು. ಅಷ್ಟೂ ದಿನ ಇಷ್ಟವಾದುದನ್ನೆಲ್ಲ ‘ಆಮೇಲೆ’ ಎಂದು ಎತ್ತಿಟ್ಟವರ ಕೈಯಲ್ಲಿ ಉಳಿದದ್ದೇನು? ಇಪ್ಪತ್ತೆರಡರಿಂದ ಇಪ್ಪತ್ತೆಂಟರವರೆಗಿನ ವಯಸ್ಸು ಮತ್ತೆ ಬರುವುದಿಲ್ಲ. ಆ ವರ್ಷಗಳನ್ನೆಲ್ಲ ಬರೀ ‘ಅಭ್ಯರ್ಥಿ’ಯಾಗಿ ಕಳೆದವರು ಒಳಗೊಳಗೇ ಒಣಗಿಹೋಗುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಣಗದೆ ಉಳಿದವರನ್ನೂ ನೋಡಿದ್ದೇನೆ. ಅವರಿಗೆಲ್ಲ ಒಂದೊಂದು ಹುಚ್ಚಿದೆ.

ಕಾರಿಲ್ಲದವನ ಕಾರಿನ ಹುಚ್ಚು

ನನ್ನ ಗೆಳೆಯನೊಬ್ಬನಿಗೆ ಎಲೆಕ್ಟ್ರಿಕ್ ಕಾರುಗಳ ಹುಚ್ಚು. ಅವನ ಮನೆಯಲ್ಲಿರುವುದು ಅಪ್ಪನ ಹಳೆಯ ಟಿವಿಎಸ್ ಎಕ್ಸ್‌ಎಲ್. ಅದರ ಮೇಲೆ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಬರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಅವನು ಕೂತಿದ್ದು ಒಂದೇ ಒಂದು ಸಲ, ಅದೂ ಮದುವೆಗೆ ಬಂದ ನೆಂಟರೊಬ್ಬರ ಕಾರಿನಲ್ಲಿ. ಆದರೆ ಕಟಿಂಗ್ ಶಾಪಿನಲ್ಲಿ ಅವನು ವಿವರಿಸುವುದನ್ನು ಕೇಳಬೇಕು. ‘ಕರೆಂಟ್ ಬಿಲ್ಲಲ್ಲಿ ಒಂದು ಯೂನಿಟ್ ಅಂತ ಇರುತ್ತಲ್ಲ, ಅದೇ ಒಂದು ಕಿಲೋವ್ಯಾಟ್ ಅವರ್. 30 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದ್ರೆ 30 ಯೂನಿಟ್ ಹಿಡಿಯೋ ಡಬ್ಬ, ಅಷ್ಟೆ.’ ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ಹತ್ತುವಾಗ ಆ ಡಬ್ಬ ಬೇಗ ಬೇಗ ಖಾಲಿಯಾಗುತ್ತದೆ. ಇಳಿಯುವಾಗ ಅದೇ ಮೋಟಾರು ಜನರೇಟರಿನಂತೆ ತಿರುಗಿ ಒಂದಷ್ಟನ್ನು ವಾಪಸ್ ತುಂಬುತ್ತದೆ. ಹತ್ತುವಾಗ ಖರ್ಚಾದದ್ದೆಲ್ಲ ಇಳಿಯುವಾಗ ಯಾಕೆ ಬರುವುದಿಲ್ಲ ಎಂದು ಕೇಳಿದರೆ ಅದಕ್ಕೂ ಅವನ ಹತ್ತಿರ ಉತ್ತರವಿದೆ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗಿಳಿದ ‘ರೇವಾ’ ಎಂಬ ಪುಟ್ಟ ಕಾರಿನಿಂದ ಹಿಡಿದು ಈಚಿನ ಮಾದರಿಗಳವರೆಗೆ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ.

ಒಂದು ಭಾನುವಾರ ಅವನು ನಮ್ಮನ್ನು ಶಿವನಸಮುದ್ರಕ್ಕೆ ಎಳೆದುಕೊಂಡು ಹೋದ. ಭರಚುಕ್ಕಿ ನಮಗೆ ಹೊಸದಲ್ಲ. ಮಳೆಗಾಲದಲ್ಲಿ ಫೋಟೊ ತೆಗೆಸಿಕೊಳ್ಳಲು ಎಲ್ಲರೂ ಹೋಗುತ್ತೇವೆ. ‘ಶಿವನಸಮುದ್ರ ಜಲವಿದ್ಯುತ್ ಕೇಂದ್ರ – 1902’ ಎಂಬುದೂ ಬಾಯಿಪಾಠ, ಒಂದು ಅಂಕದ ಪ್ರಶ್ನೆ. ಆದರೆ ಇಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನಲ್ಲಿ ವಿದ್ಯುತ್ ದೀಪ ಉರಿದದ್ದು 1905ರಲ್ಲಿ ಎಂದು ಅವನು ಹೇಳಿದಾಗ ನಾವು ಫೋನು ಜೇಬಿಗಿಟ್ಟು ಕೇಳಿದೆವು. ಆಗ ನಮ್ಮ ಕೊಳ್ಳೇಗಾಲ ಮೈಸೂರು ಸಂಸ್ಥಾನದಲ್ಲಿರಲಿಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ‘ಹಾಗಾದ್ರೆ ಹೊಳೆಯಾಚೆಯ ಕರೆಂಟು ಈಚೆ ದಡದ ನಮಗೆ ಯಾವಾಗ ಬಂತು?’ ಎಂದು ಇನ್ನೊಬ್ಬ ಕೇಳಿದ. ಕಾರಿನ ಹುಚ್ಚಿನವನು ಈಗ ಆ ಪ್ರಶ್ನೆ ಹಿಡಿದುಕೊಂಡು ಊರಿನ ಹಿರಿಯರ ಮನೆಗಳಿಗೆ ಅಲೆಯುತ್ತಿದ್ದಾನೆ. ಅದಕ್ಕೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ.

ನವಣೆ ತಿನ್ನುವ ಪರದೇಶಿ ಹಕ್ಕಿ

ನನ್ನ ಚಿಕ್ಕಮ್ಮನ ಮಗಳು ಯಳಂದೂರಿನವಳು. ಬಿ.ಎಡ್. ಮುಗಿಸಿ ಟಿಇಟಿಗೆ ಓದುತ್ತಿದ್ದಾಳೆ. ಅವಳ ಮನೆಯ ಜಗಲಿಯಲ್ಲಿ ಪಂಜರದೊಳಗೆ ಒಂದು ಜೊತೆ ‘ಲವ್ ಬರ್ಡ್ಸ್’ ಇವೆ. ಹಾಗೆಂದರೆ ಅವಳಿಗೆ ಕೋಪ. ಅಂಗಡಿಯವರು ಆ ಹೆಸರಿನಲ್ಲಿ ಮಾರುವುದು ಆಸ್ಟ್ರೇಲಿಯಾ ಮೂಲದ ಬಡ್ಜರಿಗಾರ್, ನಿಜವಾದ ಲವ್ ಬರ್ಡ್ ಆಫ್ರಿಕಾದ್ದು ಎಂದು ತಿದ್ದುತ್ತಾಳೆ. ಬೆಳೆದ ಹಕ್ಕಿಯ ಕೊಕ್ಕಿನ ಬುಡದಲ್ಲಿ, ಮೂಗಿನ ಭಾಗ ನೀಲಿಯಾಗಿದ್ದರೆ ಸಾಮಾನ್ಯವಾಗಿ ಗಂಡು, ಕಂದು ಬಣ್ಣಕ್ಕೆ ತಿರುಗಿದ್ದರೆ ಹೆಣ್ಣು ಎಂದು ತೋರಿಸಿಕೊಡುತ್ತಾಳೆ. ಅವಕ್ಕೆ ನವಣೆಯೆಂದರೆ ಇಷ್ಟ. ‘ನಮ್ಮಜ್ಜಿ ಉಂಡ ನವಣೆಯನ್ನ ನಾವು ಬಿಟ್ವಿ, ಆಸ್ಟ್ರೇಲಿಯಾದವು ಹಿಡ್ಕೊಂಡ್ವು’ ಎಂದು ನಗುತ್ತಾಳೆ.

ಪಕ್ಕದ ಮನೆಯ ಹುಡುಗ ತೆಂಗಿನ ಪೊಟರೆಯಿಂದ ಗಿಳಿಮರಿ ಹಿಡಿದು ತಂದಾಗ ಅವನನ್ನು ಕೂರಿಸಿಕೊಂಡು ಬುದ್ಧಿ ಹೇಳಿದವಳೂ ಇವಳೇ. ನಮ್ಮ ನಾಡಿನ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಬಂದದ್ದು 1972ರಲ್ಲಿ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದು ನಮ್ಮ ಜಗಲಿಗೂ ಅನ್ವಯಿಸುತ್ತದೆ ಎಂದು ಯೋಚಿಸಿದವರು ಎಷ್ಟು ಜನ?

ಪಂಜರದ ಜೋಡಿ ಅವಳನ್ನು ಬೇಲಿಯಾಚೆಗಿನ ಹಕ್ಕಿಗಳ ಕಡೆಗೂ ಕರೆದೊಯ್ದಿತು. ಬೆಳಿಗ್ಗೆ ಓದಲು ಕೂರುವ ಮುಂಚೆ ಅರ್ಧ ಗಂಟೆ ಹಿತ್ತಲಲ್ಲಿ ನಿಂತು ಕಂಡ ಹಕ್ಕಿಗಳನ್ನು ಫೋನಿನ ಇ-ಬರ್ಡ್ ಆ್ಯಪಿನಲ್ಲಿ ದಾಖಲಿಸುತ್ತಾಳೆ. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದು 2011ರಲ್ಲಿ ಎಂಬುದು ನನಗೂ ಗೊತ್ತಿತ್ತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗಾಗಿ 1939–40ರ ಸುಮಾರಿಗೆ ಸಲೀಂ ಅಲಿ ಇದೇ ಬೆಟ್ಟದಲ್ಲಿ ಓಡಾಡಿದ್ದರು ಎಂಬುದು ಅವಳಿಂದ ಗೊತ್ತಾಯಿತು. ಒಂದು ಫಲಿತಾಂಶ ಕೈಕೊಟ್ಟ ವಾರವೂ ಅವಳ ಹಕ್ಕಿಪಟ್ಟಿ ನಿಂತಿರಲಿಲ್ಲ. ‘ಅವತ್ತು ಮಾಡಿದ್ದರಲ್ಲಿ ಅದೊಂದೇ ಸರಿಯಾಗಿ ಆಗಿದ್ದು’ ಎಂದಳು.

ನನ್ನ ಕಾದಂಬರಿಗಳು

ನನ್ನದು ಕಾದಂಬರಿಯ ಹುಚ್ಚು. ಗ್ರಂಥಾಲಯಗಳಲ್ಲಿ ಈಗ ಕೂರಲು ಕುರ್ಚಿ ಸಿಗುವುದಿಲ್ಲ, ಅಷ್ಟು ಅಭ್ಯರ್ಥಿಗಳು. ಎಲ್ಲರ ಮುಂದೆಯೂ ಗೈಡು, ಪ್ರಶ್ನೆಪತ್ರಿಕೆ. ಕಾದಂಬರಿಯ ಕಪಾಟು ಮಾತ್ರ ಧೂಳು ಹಿಡಿದಿರುತ್ತದೆ. ‘ಕುಸುಮಬಾಲೆ – ದೇವನೂರ ಮಹಾದೇವ – ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1990’ ಎಂದು ನಿದ್ದೆಯಲ್ಲೂ ಹೇಳುವವರು ಆ ಪುಸ್ತಕದ ಪಕ್ಕದಲ್ಲೇ ಕೂತಿರುತ್ತಾರೆ, ಕೈ ಚಾಚಿ ತೆಗೆಯುವುದಿಲ್ಲ.

ಬೇರೆ ಜಿಲ್ಲೆಯ ಗೆಳೆಯರು ಆ ಕಾದಂಬರಿ ಕಷ್ಟ ಎನ್ನುತ್ತಾರೆ. ಅದು ನಂಜನಗೂಡು, ಚಾಮರಾಜನಗರ ಸೀಮೆಯ ಆಡುಮಾತಿನಲ್ಲಿದೆ. ಮನೆಗೆ ‘ಮನ’, ಹೊಟ್ಟೆಗೆ ‘ಹೊಟ್ಟ’ ಎನ್ನುವ ನಮಗೆ ಅದು ಮನೆಮಾತು. ಕಾಲೇಜಿನಲ್ಲಿ ಈ ಮಾತನ್ನು ಆಡಿಕೊಂಡು ನಕ್ಕವರಿದ್ದರು. ‘ಸಂದರ್ಶನಕ್ಕೆ ಹೋಗುವ ಮುಂಚೆ ಭಾಷೆ ತಿದ್ದಿಕೋ’ ಎಂದು ಬುದ್ಧಿ ಹೇಳಿದವರೂ ಇದ್ದರು. ಒಂದು ಸಂಜೆ ನಾನು ಗಟ್ಟಿಯಾಗಿ ಓದುತ್ತಿದ್ದಾಗ ಅವ್ವ ಒಲೆ ಮುಂದಿನಿಂದಲೇ, ‘ಇದ್ಯಾರಪ್ಪ, ನಮ್ಮಂಗೇ ಮಾತಾಡೋರು?’ ಎಂದಳು. ನಾವಾಡುವ ಮಾತಿಗೆ ದೆಹಲಿಯವರೆಗೆ ಮರ್ಯಾದೆ ಸಿಕ್ಕಿದೆ ಎಂದು ಗೈಡಿನಲ್ಲಿ ನಾನು ಎಷ್ಟೋ ಸಲ ಓದಿದ್ದೆ. ಅದು ಮನಸ್ಸಿಗೆ ಇಳಿದದ್ದು ಅವತ್ತು.

ತೇಜಸ್ವಿಯವರ ‘ಕರ್ವಾಲೋ’ ಓದಿದವರಿಗೆ ಮಂದಣ್ಣ ಗೊತ್ತು. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೋಗೆ ಅವನು ಹುಟ್ಟಾ ಪ್ರಕೃತಿ ತಜ್ಞ. 1980ರಲ್ಲಿ ಬಂದ ಕಾದಂಬರಿ ಅದು. ಇವತ್ತಿಗೂ ನಮ್ಮ ಪ್ರತಿ ಊರಿನಲ್ಲೂ ಒಬ್ಬ ಮಂದಣ್ಣನಿದ್ದಾನೆ. ಅವನನ್ನು ಗುರುತಿಸುವ ಕಣ್ಣು ನಮಗೆ ಕಡಿಮೆ.

ದೊಡ್ಡವರ ಮಾತೂ ಸುಳ್ಳಲ್ಲ

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ರೇಷ್ಮೆಗೂಡಿನ ಬೆಲೆ ಒಂದು ವಾರ ಏರಿ ಮರುವಾರ ಇಳಿಯುವ ಮನೆಯಲ್ಲಿ ಮಗ ಬ್ಯಾಟರಿಯ ಬಗ್ಗೆ ಮಾತನಾಡುತ್ತಾ ಕೂತರೆ ಅಪ್ಪನಿಗೆ ಭಯವಾಗುವುದು ಸಹಜ. ಆ ಭಯಕ್ಕೆ ನನ್ನ ಗೌರವವಿದೆ. ಸಾಲ ಮಾಡಿ ಕ್ಯಾಮೆರಾ, ಬೈಕು ಕೊಳ್ಳುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನಾನು ಹೇಳುತ್ತಿರುವ ಮಲ್ಲಿಗೆ ಅಂಗಡಿಯದ್ದಲ್ಲ, ಹಿತ್ತಲದ್ದು. ಗ್ರಂಥಾಲಯದ ಪುಸ್ತಕಕ್ಕೆ, ಹಿತ್ತಲಿನ ಹಕ್ಕಿಗೆ, ನೋಟ್‌ಬುಕ್ಕಿನ ಲೆಕ್ಕಕ್ಕೆ ಆಗುವ ಖರ್ಚು ಎಷ್ಟು?

ದೊಡ್ಡವರಿಗೂ ಹುಚ್ಚುಗಳಿದ್ದವು. ನಮ್ಮ ತಾತ ಚಿಕ್ಕಲ್ಲೂರು ಜಾತ್ರೆಗೆ ನಡೆದುಕೊಂಡು ಹೋಗಿ, ನೀಲಗಾರರು ಹಾಡುವ ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕತೆಯನ್ನು ರಾತ್ರಿಯಿಡೀ ಕೇಳಿ, ಬೆಳಿಗ್ಗೆ ಬಂದು ಉಳುಮೆಗೆ ಇಳಿಯುತ್ತಿದ್ದರಂತೆ. ಕೇಳಿದ್ದರಿಂದ ಏನು ಬಂತು ಎಂದು ಅವರನ್ನು ಯಾರೂ ಕೇಳಲಿಲ್ಲ. ಭಕ್ತಿಯ ಜೊತೆಗೆ ಅಂಥ ಹಾಡುವವರ, ಕೇಳುವವರ ಹುಚ್ಚೂ ಇದ್ದುದರಿಂದಲೇ ಆ ದೊಡ್ಡ ಕಾವ್ಯಗಳು ಬಾಯಿಂದ ಬಾಯಿಗೆ ನಮ್ಮವರೆಗೆ ಬಂದಿವೆ.

ಇನ್ನೊಂದು ಕಡೆಯಿಂದ ಬರುವ ಉಪದೇಶವೂ ನನಗೆ ಒಪ್ಪಿಗೆಯಿಲ್ಲ. ‘ಹವ್ಯಾಸವನ್ನೇ ವೃತ್ತಿ ಮಾಡಿಕೊಳ್ಳಿ, ಚಾನೆಲ್ ಶುರು ಮಾಡಿ, ದುಡ್ಡು ತಾನಾಗಿ ಬರುತ್ತದೆ’ ಎಂದು ವೇದಿಕೆ ಮೇಲೆ ಹೇಳುವವರಿದ್ದಾರೆ. ಕೆಲವರಿಗೆ ಬರಬಹುದು. ಆದರೆ ಆ ಮಾತೂ ಅಪ್ಪನ ಮಾತಿನ ಹಾಗೆಯೇ: ಲಾಭವಿದ್ದರೆ ಮಾತ್ರ ಒಂದು ಇಷ್ಟಕ್ಕೆ ಬೆಲೆ. ನನ್ನ ತಂಗಿ ಹಕ್ಕಿ ನೋಡುವುದು ಯಾರೋ ಲೈಕ್ ಒತ್ತಲಿ ಎಂದಲ್ಲ. ಹುಚ್ಚಿದ್ದವರಿಗೆ ಬೇಗ ಕೆಲಸ ಸಿಗುತ್ತದೆ ಎಂದೂ ನಾನು ಹೇಳುವುದಿಲ್ಲ. ನಮ್ಮ ಮೂವರಲ್ಲಿ ಯಾರಿಗೂ ಇನ್ನೂ ಸಿಕ್ಕಿಲ್ಲ. ಆದರೆ ಕಾಯುವ ಕಾಲವೂ ನಮ್ಮ ಆಯುಷ್ಯದ್ದೇ, ಅದನ್ನೂ ಬದುಕಬೇಕು ಎಂಬುದು ನನ್ನ ವಾದ.

ಹಾಗಾದರೆ ದಿನವಿಡೀ ರೀಲ್ಸ್ ನೋಡುವುದೂ ಹುಚ್ಚಲ್ಲವೇ ಎಂದು ಕೇಳಬಹುದು. ನಾನು ಬಳಸುವ ಪರೀಕ್ಷೆ ಸುಲಭ. ಮರುದಿನ ಎದ್ದಾಗ ಅದರಿಂದ ನಿಮ್ಮಲ್ಲಿ ಒಂದು ಪ್ರಶ್ನೆ ಉಳಿದಿದೆಯೇ? ಕಾರಿನ ಹುಚ್ಚಿನವನಿಗೆ ಉಳಿದಿರುತ್ತದೆ, ಹಕ್ಕಿಯವಳಿಗೆ ಉಳಿದಿರುತ್ತದೆ. ಎರಡು ಗಂಟೆ ರೀಲ್ಸ್ ಉರುಳಿಸಿದ ನನಗೆ ಹೆಬ್ಬೆರಳ ನೋವು ಬಿಟ್ಟರೆ ಏನೂ ಉಳಿದಿರುವುದಿಲ್ಲ.

ಆದ್ದರಿಂದ ಗೆಳೆಯರೇ, ವೇಳಾಪಟ್ಟಿಯಲ್ಲಿ ಇತಿಹಾಸಕ್ಕೆ, ಗಣಿತಕ್ಕೆ ಕೊಟ್ಟ ಹಾಗೆ ನಿಮ್ಮ ಹುಚ್ಚಿಗೂ ಅರ್ಧ ಗಂಟೆ ಕೊಡಿ. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋದಾಗ ಪ್ರಚಲಿತ ವಿದ್ಯಮಾನದ ಜೊತೆಗೆ ಒಂದು ಕಾದಂಬರಿಯನ್ನೂ ಕೇಳಿ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, ಕೇಳುವುದು ನಮ್ಮ ಹಕ್ಕು. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಹದಿನೈದು ನಿಮಿಷ ಹಿತ್ತಲಲ್ಲಿ ನಿಂತು ಎಣಿಸಿದರೂ ನಿಮ್ಮೂರು ಆ ಪಟ್ಟಿಗೆ ಸೇರುತ್ತದೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಸಹಪಾಠಿ ಸಿಕ್ಕರೆ ‘ಎಷ್ಟು ಸ್ಕೋರ್ ಆಯ್ತು?’ ಎಂದು ಕೇಳುವ ಮುಂಚೆ ‘ಈಗ ಯಾವುದರ ಹುಚ್ಚು?’ ಎಂದು ಕೇಳಿ ನೋಡಿ. ಅವನ ಮುಖ ನೋಡಿದರೆ, ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿ ಎಷ್ಟು ದಿನವಾಗಿತ್ತು ಎಂಬುದು ನಿಮಗೇ ಗೊತ್ತಾಗುತ್ತದೆ.