ಮೋಟಾರು ಸೈಕಲ್ಲಿನ ಜೀರ್ಣೋದ್ಧಾರ

ಇಂಗ್ಲೆಂಡಿನ ಹಳೆಯ ಮೋಟಾರು ಸೈಕಲ್ಲುಗಳ ಅಭಿಮಾನಿಗಳಲ್ಲಿ ವಿಚಿತ್ರವಾದೊಂದು ಮತವು ಬೇರೂರಿದೆ. ಯಂತ್ರವನ್ನು ಬಿಚ್ಚಿಟ್ಟು ಇಪ್ಪತ್ತು ವರ್ಷ ಕಳೆದರೂ ಚಿಂತೆಯಿಲ್ಲ. ಮೂಲದ್ದಲ್ಲದ ಒಂದು ಬೋಲ್ಟನ್ನು ಹಾಕಿ ಕೆಲಸವನ್ನು ಮುಗಿಸಿದರೆ ಮಾತ್ರ ಮಹಾಪರಾಧ ಎಂಬುದೇ ಆ ಮತದ ಸಾರ. ಇದನ್ನು ಅವರು ಶ್ರದ್ಧೆಯೆಂದು ಕರೆಯುತ್ತಾರೆ. ಕಾಲಹರಣಕ್ಕೆ ಇಷ್ಟು ಗೌರವದ ಹೆಸರು ಬೇರೆಲ್ಲಿಯೂ ದೊರೆತಿರಲಾರದು.

ಬಿ.ಎಸ್.ಎ. ಎಂ.20 ಎಂಬ ವಾಹನವನ್ನೇ ನೋಡಬಹುದು. ಎರಡನೆಯ ಮಹಾಯುದ್ಧಕ್ಕಾಗಿ ಇಂಥವು 1,20,000ಕ್ಕೂ ಮಿಕ್ಕಿ ತಯಾರಾದವು. ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಈ ಕಂಪನಿಯ ಮೂಲಸ್ಥಾನ. 496 ಘನ ಸೆಂಟಿಮೀಟರಿನ ಒಂಟಿ ಸಿಲಿಂಡರು, ವೇಗವಿಲ್ಲ, ಬೆಡಗಿಲ್ಲ, ಮರಳಿನಲ್ಲಿಯೂ ಕೆಸರಿನಲ್ಲಿಯೂ ದಂಡಿನ ಓಲೆಕಾರರನ್ನು ಹೊತ್ತು ತಿರುಗಿದ ನಂಬಿಗೆಯ ಬಂಟ. ಸೇನೆಯ ಕಾರ್ಯಾಗಾರಗಳಲ್ಲಿ ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸಿ ಇವನ್ನು ಮತ್ತೆ ಮತ್ತೆ ರಸ್ತೆಗಿಳಿಸುತ್ತಿದ್ದರು. ಅಂಥ ಯಂತ್ರಕ್ಕೆ, ಕಾರಖಾನೆಯಿಂದ ಹೊರಟ ದಿನದ ದೀಪವೇ ಬೇಕೆಂದು ಹಠ ಹಿಡಿದು ಕುಳಿತವರು ಅದರ ಚರಿತ್ರೆಯನ್ನೇ ಅರಿಯದವರೆನ್ನಬೇಕು.

ಬಿಚ್ಚಿಟ್ಟದ್ದು ಇದ್ದಂತೆಯೇ ಉಳಿದೀತೆಂಬ ನಂಬಿಕೆಯೂ ಹುಸಿಯಾದುದು. ಎಣ್ಣೆಯ ಸೋಂಕು ತಪ್ಪಿದ ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊವಿನೊಳಗಿಂದ ಆರ್ಮೇಚರನ್ನು ಹೊರಕ್ಕೆಳೆದು, ಆ ಸ್ಥಳದಲ್ಲಿ ಕಬ್ಬಿಣದ ತುಂಡನ್ನು ಇಡದೆ ಹೋದರೆ ಹಳೆಯ ಕಾಲದ ಅಯಸ್ಕಾಂತವು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಇನ್ನು ಬೋಲ್ಟುಗಳ ಡಬ್ಬಿಯ ಮಾತು! ಆ ಕಾಲದ ಬ್ರಿಟಿಷ್ ವಾಹನಗಳಲ್ಲಿ ತಿರುಪಿನ ಸುತ್ತುಗಳು ಒಂದೇ ಬಗೆಯವಲ್ಲ. ಕಾಲಂಗುಲದ ಬಿ.ಎಸ್.ಎಫ್. ಬೋಲ್ಟಿಗೂ ಅದೇ ಅಳತೆಯ ಸೈಕಲ್ ಬೋಲ್ಟಿಗೂ ಅಂಗುಲಕ್ಕೆ 26 ಸುತ್ತುಗಳೇ. ಆದರೆ ಒಂದರ ಸುತ್ತಿನ ಕೋನ 55 ಅಂಶ, ಮತ್ತೊಂದರದು 60. ಕಣ್ಣಿಗೂ ಬೆರಳಿಗೂ ಎರಡೂ ಒಂದೇ. ಯಾವುದು ಎಲ್ಲಿಯದೆಂಬುದು ಬಿಚ್ಚಿದ ಕೈಗೆ ಮಾತ್ರ ಗೊತ್ತು. ಐದು ವರ್ಷಗಳಾದ ಮೇಲೆ ಅದಕ್ಕೂ ಮರೆಯುತ್ತದೆ. ಆ ಕೈ ತಣ್ಣಗಾದ ಮೇಲಂತೂ ಮನೆಯವರು ಪೆಟ್ಟಿಗೆಗಳನ್ನು ತೂಕಕ್ಕೆ ಹಾಕುತ್ತಾರೆ. ಇಂಜಿನು ಒಬ್ಬನ ಪಾಲಾಗಿ ಚೌಕಟ್ಟು ಇನ್ನೊಬ್ಬನ ಪಾಲಾದರೆ, ಅವುಗಳ ಮೇಲೆ ಕೆತ್ತಿದ ಸಂಖ್ಯೆಗಳ ನಂಟು ಮುರಿದು, ಒಂದು ವಾಹನದ ಗುರುತೇ ಅಳಿಸಿಹೋಗುತ್ತದೆ. ಮೂಲರೂಪವನ್ನು ಕಾಯಹೊರಟ ಶ್ರದ್ಧೆಯಿಂದ ಫಲಿಸುವುದು ಇದೇ.

ಬಿಡಿಭಾಗಗಳು ಸಿಗುವುದಿಲ್ಲವೆಂಬುದು ಪ್ರತಿಪಕ್ಷದವರ ದೊಡ್ಡ ಅಸ್ತ್ರ. ಬಿ.ಎಸ್.ಎ. ಕಂಪನಿಯು 1973ರಲ್ಲಿ ಕುಸಿದುದು ನಿಜ. ಆದರೂ ಅದರ ವಾಹನಗಳ ಎಷ್ಟೋ ಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ವಿನ್ಸೆಂಟ್ ಮೋಟಾರು ಸೈಕಲ್ಲುಗಳ ತಯಾರಿಕೆಯು 1955ರಲ್ಲಿಯೇ ನಿಂತುಹೋಯಿತು. ಅವುಗಳ ಒಡೆಯರ ಸಂಘದವರು ಅಳುತ್ತ ಕೂರದೆ ಬಿಡಿಭಾಗಗಳಿಗೆಂದೇ ಒಂದು ಕಂಪನಿಯನ್ನು ಹುಟ್ಟುಹಾಕಿದರು. 2003ರ ಸೆಪ್ಟೆಂಬರಿನಲ್ಲಿ ಸೋಲಿಹಲ್ಲಿನ ರಾಷ್ಟ್ರೀಯ ಮೋಟಾರು ಸೈಕಲ್ ಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ನೂರಾರು ವಾಹನಗಳು ಸುಟ್ಟುಹೋದವು. ಮರುವರ್ಷದ ಕೊನೆಗೆ ಸಂಗ್ರಹಾಲಯವು ಮತ್ತೆ ತೆರೆದಾಗ ಸುಟ್ಟವುಗಳಲ್ಲಿ ಅನೇಕವು ತಮ್ಮ ಗಾಲಿಗಳ ಮೇಲೆ ನಿಂತಿದ್ದವು. ಅಲ್ಲಿ ಹಣವಿತ್ತು, ಕುಶಲರಾದ ಕೆಲಸಗಾರರಿದ್ದರು ಎನ್ನಬಹುದು, ಒಪ್ಪತಕ್ಕ ಮಾತೇ. ಆದರೆ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಬೆಂಕಿಯೇನೂ ಬಿದ್ದಿಲ್ಲವಷ್ಟೆ?

ಎಲ್ಲ ಭಾಗಗಳೂ ಒದಗಿದ ಮೇಲೆ ಕೂಡಿಸುತ್ತೇವೆನ್ನುತ್ತಾರೆ. ಕೂಡಿಸಿ ನೋಡದೆ ಯಾವ ಭಾಗ ಬೇಕೆಂಬುದೇ ತಿಳಿಯದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಈ ಮತಕ್ಕೆ ಎದುರಾಗಿ ಇನ್ನೊಂದು ಪಂಥವಿದೆ. ಅವರು ಬೇಗನೆ ಮುಗಿಸುತ್ತಾರೆ. ಯುದ್ಧಕಾಲದ ಖಾಕಿ ವಾಹನಕ್ಕೂ ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ ಲೇಪವನ್ನು ಕೊಡಿಸಿ, ಜಮಖಾನದ ಮೇಲೆ ನಿಲ್ಲಿಸಿ, ನೆಂಟರಿಗೆ ತೋರಿಸುತ್ತಾರೆ. ಅದು ಓಡುವುದಿಲ್ಲ. ಇದೂ ಮುಗಿಸಿದಂತಾಗಲಿಲ್ಲ. ಮ್ಯಾಗ್ನೆಟೊವಿನ ಕಂಡೆನ್ಸರು ಹಳತಾಗಿ ಕೆಟ್ಟಿದ್ದರೂ ತಣ್ಣಗಿರುವಾಗ ಮೇಜಿನ ಮೇಲೆ ಸೊಗಸಾದ ಕಿಡಿಯನ್ನು ಕೊಡಬಲ್ಲುದು. ಇಂಜಿನು ಬಿಸಿಯೇರಿದ ಮೇಲೆಯೇ ಅದರ ಬಂಡವಾಳವು ಬಯಲಾಗುವುದು. ಆ ಪರೀಕ್ಷೆಯು ರಸ್ತೆಯಲ್ಲಲ್ಲದೆ ಜಮಖಾನದ ಮೇಲೆ ನಡೆಯತಕ್ಕುದಲ್ಲ.

ಆದುದರಿಂದ ಇಂಜಿನು, ತಡೆ, ಗಾಲಿ, ಕಿಡಿ, ಎಣ್ಣೆಯ ಹರಿವು ಇಷ್ಟು ಸರಿಯಾದೊಡನೆ ವಾಹನವನ್ನು ಹೊರಕ್ಕೆ ತರತಕ್ಕುದು. ಹತ್ತು ಮೈಲು ಓಡಿಸಿ, ಸಡಿಲಿದ ನಟ್ಟುಗಳನ್ನು ಬಿಗಿದು, ಎಣ್ಣೆ ಸೋರುವ ಕಡೆಗಳನ್ನು ಗುರುತುಮಾಡಿಕೊಂಡು, ಮತ್ತೆ ಹತ್ತು ಮೈಲು ಓಡಿಸಬೇಕು. ಬಣ್ಣ ಮಾಸಿದ್ದರೆ ಮಾಸಿರಲಿ. ಅದನ್ನು ಮುಂದಿನ ಚಳಿಗಾಲದಲ್ಲಿ ಬಳಿಯಬಹುದು.