ಖುಲಾಸೆಯ ಮರುದಿನ ಸರ್ಕಾರ ಎಲ್ಲಿರುತ್ತದೆ?

ಅಟ್ರಾಸಿಟಿ ಪ್ರಕರಣದ ಆರೋಪಿಗಳು ಖುಲಾಸೆಯಾದ ದಿನ ಕೋಲಾರ ಸೀಮೆಯ ಊರುಗಳಲ್ಲಿ ಕೇಳಿಸುವುದು ಎರಡೇ ಮಾತು. 'ಕೇಸು ಬಿದ್ದೋಯ್ತಂತೆ' ಎಂಬುದು ಒಂದು. 'ಸುಳ್ಳು ಕೇಸು ಅಂತ ನಾವು ಆವಾಗ್ಲೇ ಹೇಳಿರಲಿಲ್ವಾ' ಎಂಬುದು ಇನ್ನೊಂದು. ಈ ಎರಡನೆಯ ಮಾತಿನ ಮೇಲೇ ನನ್ನ ತಕರಾರು.

ಕಂಬಾಲಪಲ್ಲಿಯನ್ನೇ ನೋಡಿ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಆ ಊರಲ್ಲಿ ಏಳು ಮಂದಿ ದಲಿತರು ಬೆಂಕಿಯಲ್ಲಿ ಸುಟ್ಟುಹೋದರು. ಸಾಕ್ಷಿಗಳು ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದೂ ಸುಳ್ಳೇ? ಸಂಶಯದ ಲಾಭ ಆರೋಪಿಗೆ ಸಿಗಬೇಕು, ಸರಿ. ಸಾಕ್ಷಿಯಿಲ್ಲದೆ ಶಿಕ್ಷೆ ಕೊಡಿ ಎಂದು ಯಾವ ನ್ಯಾಯಾಧೀಶರನ್ನೂ ನಾನು ಕೇಳುವುದಿಲ್ಲ. ಆದರೆ ಖುಲಾಸೆ ಎಂದರೆ ಘಟನೆಯೇ ನಡೆದಿಲ್ಲ ಎಂದಲ್ಲ. ಮುಳಬಾಗಿಲಿನ ಟೊಮೆಟೊ ತೋಟದಲ್ಲೋ ಶ್ರೀನಿವಾಸಪುರದ ಮಾವಿನ ತೋಪಿನಲ್ಲೋ ಯಾರ ಕೈಕೆಳಗೆ ನಾಳೆಯೂ ಕೂಲಿಗೆ ಹೋಗಬೇಕೋ, ಅವರ ಎದುರೇ ಕಟಕಟೆಯಲ್ಲಿ ನಿಂತು ಬೊಟ್ಟು ತೋರಿಸುವುದು ಸುಲಭವಲ್ಲ. 'ನಾನು ನೋಡಿಲ್ಲ ಸ್ವಾಮಿ' ಎಂಬ ಉತ್ತರ ಎಷ್ಟೋ ಸಲ ಕೋರ್ಟಿಗೆ ಬರುವ ಮುಂಚೆಯೇ ರಾಜಿ ಪಂಚಾಯ್ತಿಯಲ್ಲಿ ತೀರ್ಮಾನವಾಗಿರುತ್ತದೆ.

ಹಾಗಾದರೆ ಮೇಲ್ಮನವಿ? ಕಾನೂನು ಇಲ್ಲಿ ಸಂತ್ರಸ್ತರ ಪರವಾಗಿಯೇ ಇದೆ. ಸರ್ಕಾರ ಖುಲಾಸೆಯ ವಿರುದ್ಧ ಹೋಗಬೇಕಾದರೆ ಹೈಕೋರ್ಟಿನ ಅನುಮತಿ ಬೇಕು. ಸಂತ್ರಸ್ತರಿಗೆ ಅದು ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ, ನಮ್ಮದೇ ರಾಜ್ಯದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಹೇಳಿತು. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 14ಎ ಕಲಮು ಮೇಲ್ಮನವಿಗೆ 90 ದಿನ ಕೊಡುತ್ತದೆ. ಈ 90 ದಿನದ ಲೆಕ್ಕವನ್ನು ಆ ಮನೆಗೆ ಹೋಗಿ ಹೇಳುವವರು ಯಾರು? ತೀರ್ಪಿನ ಪ್ರತಿ ತಂದುಕೊಡುವವರು ಯಾರು? ಅತ್ತ ಸರ್ಕಾರಿ ಕಡತದಲ್ಲಿ 'ಮೇಲ್ಮನವಿಗೆ ಯೋಗ್ಯವಲ್ಲ' ಎಂಬ ಒಂದು ಸಾಲಿನ ಷರಾ ಬಿದ್ದರೆ, ಅದನ್ನು ಯಾರು ಬರೆದರು, ಏಕೆ ಬರೆದರು ಎಂಬುದು ದೂರು ಕೊಟ್ಟವರಿಗೆ ತಿಳಿಯುವುದೇ ಇಲ್ಲ. ಹಲವು ಅಪರಾಧಗಳಲ್ಲಿ ಪರಿಹಾರದ ಕೊನೆಯ ಶೇ 25 ಕೈಸೇರುವುದು ಶಿಕ್ಷೆಯಾದರೆ ಮಾತ್ರ. ಹಾಗಾಗಿ ಕೇಸು ಸೋತವರಿಗೆ ವಕೀಲರ ಫೀಸಿಗೆ ಆಗಬಹುದಾದ ಆ ದುಡ್ಡೂ ಇಲ್ಲ.

ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದಾಗ, 2022ರಲ್ಲಿ, ದೇಶವೇ ತಿರುಗಿ ನೋಡಿತು. ಮರುವರ್ಷ ಅದೇ ತಾಲ್ಲೂಕಿನ ಯಲುವಹಳ್ಳಿಯ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದಾಗಲೂ ಅಷ್ಟೇ: ಮಂತ್ರಿಗಳು, ಕ್ಯಾಮೆರಾಗಳು, ಅಮಾನತು ಆದೇಶ. ಎಫ್‌ಐಆರ್ ದಿನ ಇಷ್ಟೊಂದು ಜನ. ತೀರ್ಪಿನ ದಿನ ಕೋರ್ಟಿನ ಜಗಲಿ ಖಾಲಿ.

2001ರಲ್ಲಿ ಡರ್ಬನ್ನಿನಲ್ಲಿ ನಡೆದ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ಭಾರತ ಸರ್ಕಾರ ಜಾತಿ ಬೇರೆ, ಜನಾಂಗ ಬೇರೆ, ನಮ್ಮ ಕಾನೂನೇ ಇದನ್ನು ನೋಡಿಕೊಳ್ಳುತ್ತದೆ ಎಂದು ಪಟ್ಟು ಹಿಡಿಯಿತು. ಒಪ್ಪೋಣ. ಆದರೆ ಹೊರಗಿನವರು ತಲೆಹಾಕಬೇಡಿ ಎಂದವರು ಒಳಗಿನ ಕೆಲಸವನ್ನಾದರೂ ಮಾಡಬೇಕಲ್ಲ.

ಕೆಲಸ ದೊಡ್ಡದೇನೂ ಅಲ್ಲ. ದೌರ್ಜನ್ಯ ತಡೆ ಕಾಯ್ದೆಯ ನಿಯಮದಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಆ ಸಭೆಯಲ್ಲಿ ಎಷ್ಟು ಕೇಸು ದಾಖಲಾಯಿತು, ಎಷ್ಟು ಪರಿಹಾರ ಕೊಟ್ಟೆವು ಎಂಬ ಪಟ್ಟಿಯ ಪಕ್ಕದಲ್ಲೇ ಇನ್ನೊಂದನ್ನೂ ಇಡಲಿ: ಈ ಮೂರು ತಿಂಗಳಲ್ಲಿ ಖುಲಾಸೆಯಾದ ಪ್ರಕರಣಗಳು, ಮೇಲ್ಮನವಿ ಹೋದವು, ಹೋಗದವು, ಬೇಡವೆಂದ ಅಧಿಕಾರಿಯ ಹೆಸರು ಮತ್ತು ಕಾರಣ. ಅದರ ಪ್ರತಿ 90 ದಿನ ಮುಗಿಯುವ ಮೊದಲು, ಕನ್ನಡದಲ್ಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರ ಕೈಯಲ್ಲಿ ಸಂತ್ರಸ್ತರ ಮನೆ ಮುಟ್ಟಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಜಿಲ್ಲಾಧಿಕಾರಿಯ ಒಂದು ಸುತ್ತೋಲೆ ಸಾಕು.