ಚೀಟಿಯಲ್ಲಿ ತಪ್ಪಿದ್ದರೆ ಕೇಸು ಬಿದ್ದುಹೋಗುತ್ತಾ?

“ಚೀಟೀಲಿ ಗಾಡಿ ನಂಬರೇ ತಪ್ಪು ಬರ್ದಿದಾರೆ ಕಣೋ, ಕೇಸು ಬಿದ್ದೋಯ್ತು ಬಿಡು!”

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಹೊಸ ವರ್ಷದ ರಾತ್ರಿ ಕಳೆದ ಮೇಲಂತೂ ಆಫೀಸಿನ ಕ್ಯಾಂಟೀನಿನಲ್ಲಿ ಇದೇ ಸುದ್ದಿ. ಒಬ್ಬನ ಹೆಸರಲ್ಲಿ ಒತ್ತಕ್ಷರ ಬಿಟ್ಟುಹೋಗಿರುತ್ತೆ. ಇನ್ನೊಬ್ಬನ ಬಿಳಿ ಕಾರು ಚೀಟಿಯಲ್ಲಿ ಬೂದು ಬಣ್ಣಕ್ಕೆ ತಿರುಗಿರುತ್ತೆ. ಮತ್ತೊಬ್ಬನನ್ನು ಹಿಡಿದದ್ದು ಒಂದು ರಸ್ತೆ, ಬರೆದದ್ದು ಪಕ್ಕದ ರಸ್ತೆ. ಸುತ್ತ ಕೂತು ಕಾಫಿ ಕುಡಿಯೋ ನಾಲ್ಕೂ ಜನ ಆ ಹೊತ್ತಿಗೆ ವಕೀಲರೇ :-)

ನಾನು ವಕೀಲನಲ್ಲ. ಆದರೆ ಇಬ್ಬರ ಕೇಸನ್ನು ಹತ್ತಿರದಿಂದ ನೋಡಿದೆ. ಆಮೇಲೆ ಕುತೂಹಲಕ್ಕೆ ಕಾನೂನನ್ನೂ ಒಂದಿಷ್ಟು ಓದಿದೆ. ಓದಿದ ಮೇಲೆ ನನಗನಿಸಿದ್ದು ಇಷ್ಟು: ಚೀಟಿಯ ತಪ್ಪುಗಳಲ್ಲಿ ಎರಡು ಜಾತಿ. ಒಂದು ಬರವಣಿಗೆಯ ತಪ್ಪು, ಇನ್ನೊಂದು ಅಳತೆಯ ತಪ್ಪು. ಮೊದಲನೆಯದನ್ನು ಹಿಡಿದು ಜಗಳವಾಡೋರು ಬೇಕಾದಷ್ಟು ಜನ. ಎರಡನೆಯದನ್ನು ಹಿಡಿದು ಹೋರಾಡಬೇಕಾದವರು ಸುಮ್ಮನೆ ದಂಡ ಕಟ್ಟಿ ಮನೆಗೆ ಹೋಗ್ತಾರೆ. ಇದು ತಲೆಕೆಳಗಾಗಿದೆ ಅನ್ನೋದೇ ನನ್ನ ತಕರಾರು.

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಗಾಡಿ ಓಡಿಸುವವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದೆ ಅಂತ ಉಸಿರಿನ ಯಂತ್ರದಿಂದಲೋ ಪ್ರಯೋಗಾಲಯದ ಪರೀಕ್ಷೆಯಿಂದಲೋ ಗೊತ್ತಾದರೆ ಅದು ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕೂ ಮುಂಚೆ ದಂಡ ಇದ್ದದ್ದು 2,000ದವರೆಗೆ. ಮತ್ತೆ ಸಿಕ್ಕಿಬಿದ್ದರೆ 15,000, ಜೈಲು ಎರಡು ವರ್ಷದವರೆಗೆ. ಜೊತೆಗೆ ಲೈಸೆನ್ಸ್ ಅಮಾನತು. ಹೆಲ್ಮೆಟ್ ಇಲ್ಲ, ಸಿಗ್ನಲ್ ಹಾರಿದ ಅನ್ನೋ ಕೇಸಿನ ಹಾಗೆ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸೋಕೆ ಇದರಲ್ಲಿ ಆಗಲ್ಲ, ಕೋರ್ಟಿಗೇ ಹೋಗಬೇಕು.

ಅಂದರೆ ಇಡೀ ಕೇಸು ನಿಂತಿರೋದು ಒಂದು ಅಂಕಿಯ ಮೇಲೆ. ಗಾಡಿಯ ಬಣ್ಣದ ಮೇಲಲ್ಲ.

ಈಗ ಬರವಣಿಗೆಯ ತಪ್ಪಿಗೆ ಬರೋಣ. ನನ್ನ ಸಹೋದ್ಯೋಗಿಯೊಬ್ಬ, ಹೆಸರು ಬೇಡ ಬಿಡಿ, ಪಾರ್ಟಿ ಮುಗಿಸಿ ಬರುವಾಗ ಸಿಕ್ಕಿಬಿದ್ದ. ಯಂತ್ರ ತೋರಿಸಿದ್ದು 96. ಕುಡಿದದ್ದನ್ನು ಅವನೇನೂ ಅಲ್ಲಗಳೆಯಲ್ಲ. ಆದರೆ ಚೀಟಿಯಲ್ಲಿ ಗಾಡಿ ನಂಬರಿನ ಒಂದು ಅಂಕಿ ತಪ್ಪಿತ್ತು. ಅದೊಂದನ್ನೇ ಇಟ್ಟುಕೊಂಡು ವಕೀಲರನ್ನು ಹಿಡಿದು ನಾಲ್ಕು ತಿಂಗಳು ಓಡಾಡಿದ. ಏನೂ ಆಗಲಿಲ್ಲ. ಆಗೋದೂ ಇಲ್ಲ. ಯಾಕೆಂದರೆ ನಮ್ಮ ಕಾನೂನು ಈ ಥರದ ತಪ್ಪಿಗೆ ಮೊದಲೇ ಉತ್ತರ ಬರೆದಿಟ್ಟಿದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 465ನೇ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 511ನೇ ಕಲಂ, ಎರಡೂ ಹೇಳೋದು ಒಂದೇ. ದೂರಿನಲ್ಲೋ ಸಮನ್ಸಿನಲ್ಲೋ ತಪ್ಪಿದೆ ಅನ್ನೋ ಕಾರಣಕ್ಕೆ ಮೇಲಿನ ಕೋರ್ಟು ತೀರ್ಪನ್ನು ತಳ್ಳಿಹಾಕೋ ಹಾಗಿಲ್ಲ, ಆ ತಪ್ಪಿನಿಂದ ನಿಜವಾಗಿ ಅನ್ಯಾಯ ಆಗಿದ್ದರೆ ಮಾತ್ರ. ಇನ್ನೊಂದು ಮಾತೂ ಅಲ್ಲೇ ಇದೆ. ಆ ಆಕ್ಷೇಪಣೆಯನ್ನು ಮೊದಲೇ ಎತ್ತಬಹುದಿತ್ತಲ್ಲ ಅನ್ನೋದನ್ನೂ ಕೋರ್ಟು ನೋಡುತ್ತೆ. ಕೊನೆಗೆ ಬಾಣ ಬಿಡೋಣ ಅಂತ ಬತ್ತಳಿಕೆಯಲ್ಲಿ ಬಚ್ಚಿಟ್ಟುಕೊಂಡವನಿಗೆ ಅದೂ ದಕ್ಕಲ್ಲ.

ನನಗೆ ಇದು ಸರಿ ಅನ್ನಿಸುತ್ತೆ. 2006ರ ನವೆಂಬರ್ 12ರ ಬೆಳಗಿನ ಜಾವ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಒಂದು ಕಾರು ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳ ಮೇಲೆ ಹರಿದು ಏಳು ಜನ ಸತ್ತರು. ಓಡಿಸುತ್ತಿದ್ದವನ ರಕ್ತದಲ್ಲಿ ಇದ್ದದ್ದು 0.112 ಶೇಕಡಾ, ಅಂದರೆ ನಮ್ಮ ಲೆಕ್ಕದಲ್ಲಿ 112 ಮಿಲಿಗ್ರಾಂ. ನನ್ನ ಸಹೋದ್ಯೋಗಿಯ 96 ಅದರಿಂದ ಬಹಳ ದೂರವೇನಿಲ್ಲ. ಒಂದು ಅಂಕಿ ತಪ್ಪಿತು ಅಂತ ಇಂಥವನನ್ನು ಬಿಟ್ಟುಬಿಡಿ ಅಂದರೆ ಫುಟ್‌ಪಾತಿನಲ್ಲಿ ಮಲಗುವವರಿಗೆ ಏನು ಹೇಳೋಣ?

ಇನ್ನು ಎರಡನೇ ಜಾತಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇದರಲ್ಲಿ ಸಿಕ್ಕಿಕೊಳ್ಳೋದು ಕುಡಿಯದವರು.

ನಮ್ಮ ಬೀದಿಯ ಮಕ್ಕಳನ್ನು ಸ್ಕೂಲಿಗೆ ಕರೆದೊಯ್ಯೋ ಆಟೋದವರೊಬ್ಬರಿದ್ದಾರೆ. ಕುಡಿಯೋ ಅಭ್ಯಾಸ ಇಲ್ಲ. ಒಂದು ರಾತ್ರಿ ಅವರನ್ನೂ ನಿಲ್ಲಿಸಿ ಊದಿಸಿದರು. 41 ಅಂದರು. ಮಾರನೇ ದಿನ ಅವರು ತಂದು ತೋರಿಸಿದ ಕಾಗದ ಎರಡು. ಪೊಲೀಸರು ಕೈಯಲ್ಲಿ ಬರೆದ ನೋಟಿಸಿನಲ್ಲಿ ಗಾಡಿ ತಡೆದ ಸಮಯ ರಾತ್ರಿ 10:05. ಯಂತ್ರದಿಂದ ಬಂದ ಚೀಟಿಯಲ್ಲಿ ಪರೀಕ್ಷೆಯ ಸಮಯ 9:10. ಅಂದರೆ ತಡೆಯೋ 55 ನಿಮಿಷ ಮೊದಲೇ ಇವರು ಊದಿದ್ದರಾ? ಆ ಚೀಟಿಯಲ್ಲಿ ಹೆಸರಿನ ಜಾಗ ಖಾಲಿ, ಲೈಸೆನ್ಸ್ ನಂಬರಿನ ಜಾಗ ಖಾಲಿ. ಅದು ಇನ್ಯಾರದೋ ಉಸಿರಿರಬಹುದು, ಯಂತ್ರದ ಗಡಿಯಾರ ಕೆಟ್ಟಿರಬಹುದು. ರಕ್ತ ಪರೀಕ್ಷೆ ಮಾಡಿಸಿ ಅಂತ ಅಂಗಲಾಚಿದರಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇದು ಅಕ್ಷರ ತಪ್ಪಿದ ಕೇಸಲ್ಲ. ಕೇಸಿಗೆ ಆಧಾರವಾದ ಒಂದೇ ಒಂದು ಅಂಕಿ ಯಾರದ್ದು ಅನ್ನೋದೇ ಗೊತ್ತಿಲ್ಲದ ಕೇಸು.

ಇಂಥ ತಪ್ಪನ್ನು ಕೋರ್ಟುಗಳು ಗಂಭೀರವಾಗೇ ತಗೊಳ್ಳುತ್ತವೆ. ಪಕ್ಕದ ಕೇರಳದ ಹೈಕೋರ್ಟು 2025ರಲ್ಲಿ ಒಂದು ಕೇಸು ನೋಡಿತು. ಮನುಷ್ಯ ಊದುವ ಮೊದಲು ಯಂತ್ರ ಬರೀ ಗಾಳಿಯನ್ನು ಅಳೆದು 0.000 ತೋರಿಸಬೇಕು. ಹಿಂದಿನವನ ಉಸಿರು ಒಳಗೆ ಉಳಿದಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ತಕ್ಕಡಿಗೆ ಸಾಮಾನು ಹಾಕೋ ಮೊದಲು ಮುಳ್ಳು ಸೊನ್ನೆಗೆ ನಿಂತಿದೆಯಾ ಅಂತ ನೋಡಲ್ವಾ, ಹಾಗೆ. ಆ ಚೀಟಿಯಲ್ಲಿ ಸೊನ್ನೆ ಇರಲಿಲ್ಲ. ಕುಡಿತದ ಆರೋಪ ನಿಲ್ಲಲಿಲ್ಲ.

ಅಮೆರಿಕದಲ್ಲಿ ಇದಕ್ಕಿಂತ ದೊಡ್ಡದು ನಡೆದಿದೆ. ನ್ಯೂಜೆರ್ಸಿಯಲ್ಲಿರೋ ನಮ್ಮ ಬ್ಲಾಗ್ ಗೆಳೆಯರಿಗೆ ನೆನಪಿರಬಹುದು. ಅಲ್ಲಿ ಉಸಿರಿನ ಯಂತ್ರಗಳನ್ನು ಸರಿಹೊಂದಿಸೋ ಕೆಲಸದ ಪೊಲೀಸ್ ಅಧಿಕಾರಿಯೊಬ್ಬ ದ್ರಾವಣದ ಉಷ್ಣತೆಯನ್ನು ಪ್ರಮಾಣಿತ ಥರ್ಮಾಮೀಟರಿನಿಂದ ನೋಡದೆಯೇ ನೋಡಿದೆ ಅಂತ ಬರೆದಿಟ್ಟ ಅನ್ನೋ ಆರೋಪ ಬಂತು. ಆ ಹೆಜ್ಜೆ ತಪ್ಪಿದರೆ ಯಂತ್ರದ ಫಲಿತಾಂಶ ನಂಬಲಾಗದು ಅಂತ 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. ಅದರಿಂದ ಪ್ರಶ್ನೆಗೆ ಬಿದ್ದ ಉಸಿರಿನ ಮಾದರಿಗಳು 20,667! ಇದು ಹೊರಬರೋ ಹೊತ್ತಿಗೆ ಎಷ್ಟು ಜನ ಸುಮ್ಮನೆ ತಪ್ಪೊಪ್ಪಿಕೊಂಡು ಹೋಗಿದ್ದರೋ.

ಯಂತ್ರಕ್ಕೂ ಅದರದ್ದೇ ಮಿತಿಗಳಿವೆ. ಅದು ರಕ್ತವನ್ನು ನೋಡೋದೇ ಇಲ್ಲ, ಉಸಿರನ್ನು ನೋಡಿ ರಕ್ತದ ಅಂದಾಜು ಹೇಳುತ್ತೆ. ಸಾಮಾನ್ಯವಾಗಿ ಬಳಸೋ ಲೆಕ್ಕ 2100 ಮಿಲಿಲೀಟರ್ ಉಸಿರಿನಲ್ಲಿರೋ ಆಲ್ಕೋಹಾಲ್ 1 ಮಿಲಿಲೀಟರ್ ರಕ್ತದಲ್ಲಿರೋದಕ್ಕೆ ಸಮ ಅಂತ. ಎಲ್ಲರ ದೇಹದಲ್ಲೂ ಅದು ಒಂದೇ ಇರಲ್ಲ. ಆಲ್ಕೋಹಾಲ್ ಇರೋ ಕೆಮ್ಮಿನ ಸಿರಪ್ ಕುಡಿದೋ ಮೌತ್‌ವಾಶ್ ಮುಕ್ಕಳಿಸಿಯೋ ತಕ್ಷಣ ಊದಿದರೆ ಬಾಯಲ್ಲಿ ಉಳಿದದ್ದೇ ಅಂಕಿಯನ್ನು ಏರಿಸುತ್ತೆ. ಹದಿನೈದು ನಿಮಿಷ ಕಾದು ಮತ್ತೆ ಊದಿಸಿದರೆ ಇಳಿದಿರುತ್ತೆ. 96 ಬಂದವನ ವಿಷಯದಲ್ಲಿ ಇದೆಲ್ಲ ನೆಪ. 41, 34 ಬಂದವನ ವಿಷಯದಲ್ಲಿ ಇದೇ ನ್ಯಾಯ.

ಹಾಗಂತ ಯಂತ್ರ ಬೇಡ, ಪೊಲೀಸರ ಕಣ್ಣು ಮೂಗೇ ಸಾಕು ಅನ್ನೋ ಹಾಗೂ ಇಲ್ಲ. ಬಾಯಿ ವಾಸನೆ, ತೂರಾಡೋ ನಡಿಗೆ, ತೊದಲೋ ಮಾತು, ಇಷ್ಟರಿಂದಲೇ ಕುಡಿದಿದ್ದ ಅಂತ ತೀರ್ಮಾನಿಸೋಕೆ ಆಗಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು 1971ರಲ್ಲೇ ಹೇಳಿದೆ. ಅಂದಮೇಲೆ ಅಳತೆ ಬೇಕೇ ಬೇಕು, ಅದು ಸರಿಯಾಗಿಯೂ ಇರಬೇಕು.

ಆಟೋದವರು ಏನು ಮಾಡಿದರು ಅಂತೀರಾ? 10,000 ಕಟ್ಟಿದರು. ನಾನು ಎಷ್ಟೋ ಹೇಳಿದೆ. “ಸಾರ್, ಗಾಡಿ ಠಾಣೇಲಿ ನಿಂತ್ರೆ ದಿನಕ್ಕೆ ಎಂಟ್ನೂರು ಹೋಗುತ್ತೆ. ಕೋರ್ಟಿಗೆ ನಾಲ್ಕು ಸಲ ಅಲೆದ್ರೆ ಮಕ್ಕಳ ಬಾಡಿಗೆ ಬೇರೆಯವ್ರ ಪಾಲು. ದಂಡಾನೇ ಅಗ್ಗ” ಅಂದರು. ಅವರ ಲೆಕ್ಕ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಆದರೆ ಆ ಲೆಕ್ಕದಲ್ಲಿ ಬಿಟ್ಟುಹೋದದ್ದೂ ಇದೆ. ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಯಲ್ಲಿ “ನಾನು ಕುಡಿದಿರಲಿಲ್ಲ” ಅನ್ನೋಕೆ ಅವಕಾಶವಿಲ್ಲ, ಶಿಕ್ಷೆ ಜಾಸ್ತಿಯಾಯ್ತು ಅಥವಾ ಕಾನೂನಿಗೆ ಸರಿಯಾಗಿಲ್ಲ ಅಂತ ಮಾತ್ರ ಕೇಳಬಹುದು. ದಾಖಲೆಯಲ್ಲಿ ಅವರೀಗ ಕುಡಿದು ಓಡಿಸಿದವರು. ಮುಂದೊಂದು ದಿನ ಇನ್ನೊಂದು ಕೆಟ್ಟ ಯಂತ್ರ ಸಿಕ್ಕರೆ ಅದು ಎರಡನೇ ಅಪರಾಧ. ಲೈಸೆನ್ಸೇ ಅನ್ನವಾಗಿರೋ ಮನುಷ್ಯನಿಗೆ ಇದು ಸಣ್ಣ ವಿಷಯವಲ್ಲ.

ಹಾಗಾಗಿ ನಿಜವಾಗಿಯೂ ಕುಡಿದಿಲ್ಲದವರು, ಅಥವಾ ಅಳತೆಯಲ್ಲೇ ತಪ್ಪಿರೋರು, ದಯವಿಟ್ಟು ಇಷ್ಟು ಮಾಡಿ. ನೋಟಿಸು, ಯಂತ್ರದ ಚೀಟಿ ಎರಡರದ್ದೂ ಆಗಲೇ ಫೋಟೋ ತೆಗೆದುಕೊಳ್ಳಿ. ಎರಡರಲ್ಲೂ ಸಮಯ, ಹೆಸರು, ಯಂತ್ರದ ನಂಬರು, ಊದುವ ಮುಂಚಿನ ಸೊನ್ನೆ, ಇವನ್ನು ತಾಳೆ ನೋಡಿ. ಖಾಲಿ ಜಾಗ ಇರೋ ಕಾಗದಕ್ಕೆ ಸಹಿ ಹಾಕಬೇಡಿ. ರಕ್ತ ಪರೀಕ್ಷೆ ಬೇಕು ಅಂತ ಕೇಳಿ, ಕೇಳಿದ್ದನ್ನು ಬರೆದುಕೊಡಿ. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡುಗಡೆ ಮಾಡಬೇಕು ಅಂತ 202ನೇ ಕಲಂ ಹೇಳುತ್ತೆ. (ಅದು ಬಂಧನದಿಂದ ಬಿಡುಗಡೆ, ಕೇಸಿನಿಂದ ಅಲ್ಲ, ಗೊಂದಲ ಬೇಡ.) ಕೋರ್ಟಿನಲ್ಲಿ ಮೊದಲ ದಿನವೇ ತಪ್ಪೊಪ್ಪಲ್ಲ ಅಂತ ಹೇಳಿ, ಕಾರಣವನ್ನೂ ಆಗಲೇ ಹೇಳಿ, ಯಂತ್ರವನ್ನು ಯಾವಾಗ ಸರಿಹೊಂದಿಸಿದ್ದರು ಅನ್ನೋ ಪ್ರಮಾಣಪತ್ರ ತರಿಸಿ ಅಂತ ಕೇಳಿ. ಗಾಡಿ ಬಿಡಿಸಿಕೊಳ್ಳೋಕೆ ಕೇಸು ಮುಗಿಯೋವರೆಗೂ ಕಾಯಬೇಕಿಲ್ಲ, ಕೋರ್ಟಿಗೆ ಅರ್ಜಿ ಹಾಕಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ 1987ರ ಕಾಯ್ದೆಯಡಿ ವಕೀಲರ ನೆರವು ಉಚಿತ.

“ಹೀಗೆಲ್ಲ ಬರೆದ್ರೆ ಕುಡುಕರಿಗೆ ದಾರಿ ತೋರಿಸಿದ ಹಾಗಲ್ವಾ?” ಅಂತ ಕೆಲವರು ಕೇಳಬಹುದು. ಇಲ್ಲ ಅಂತೀನಿ ನಾನು. ಕುಡಿದವನಿಗೆ ಸರಿಯಾದ ಅಳತೆಯಿಂದ ಏನೂ ಲಾಭವಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದರೆ ಅಲ್ಲೂ ಸಿಕ್ಕಿಬೀಳ್ತಾನೆ. ಅವನಿಗೆ ಅನುಕೂಲವಾಗೋದು ಹಾಳು ಅಳತೆಯೇ. ರಕ್ತದ ಮಾದರಿ ಸರಿಯಾಗಿ ಕಾಪಾಡದಿದ್ದರೆ, ತೆಗೆದದ್ದಕ್ಕೂ ಪ್ರಯೋಗಾಲಯಕ್ಕೆ ತಲುಪಿದ್ದಕ್ಕೂ ಲೆಕ್ಕ ತಾಳೆಯಾಗದಿದ್ದರೆ, ಆ ಸಂಶಯದ ಲಾಭ ಆರೋಪಿಗೇ ಹೋಗುತ್ತೆ. ಹೋಗಲೇಬೇಕು, ಕಾನೂನೇ ಹಾಗಿದೆ. ಸತ್ತವರ ಮನೆಯವರು ಮಾತ್ರ ಬರಿಗೈಲಿ ವಾಪಸ್ ಬರ್ತಾರೆ. ಹಾಗಾಗಿ ಯಂತ್ರ ಸರಿ ಇಡಿ, ಚೀಟಿ ಸರಿ ಬರೆಯಿರಿ ಅಂತ ಕೇಳೋದು ಆಟೋದವರ ಪರವಾಗಿಯೂ ಹೌದು, ಫುಟ್‌ಪಾತಿನಲ್ಲಿ ಮಲಗಿದವರ ಪರವಾಗಿಯೂ ಹೌದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಊದಿದವನ ಲೈಸೆನ್ಸ್ ನಂಬರು ತುಂಬದೆ ಯಂತ್ರ ಚೀಟಿ ಕೊಡಬಾರದು. ಚೀಟಿಯ ಒಂದು ಪ್ರತಿ ಅವನ ಕೈಗೆ ಅಲ್ಲೇ ಸಿಗಬೇಕು. 30ರ ಅಂಚಿನಲ್ಲಿ ಬಂದವರಿಗೆ ಹದಿನೈದು ನಿಮಿಷ ಬಿಟ್ಟು ಎರಡನೇ ಸಲ ಊದಿಸಬೇಕು. ರಕ್ತ ಪರೀಕ್ಷೆ ಕೇಳಿದವನಿಗೆ ಇಲ್ಲ ಅನ್ನಬಾರದು. ದಿನಗೂಲಿಯವರು ತಕರಾರು ಮಾಡಿದರೆ ಅವರ ಕೇಸು ಒಂದೆರಡು ವಾಯಿದೆಯಲ್ಲಿ ಮುಗಿಯಬೇಕು. ಇಷ್ಟಾದರೆ ಗಾಡಿ ನಂಬರಿನ ತಪ್ಪು ಹುಡುಕೋರಿಗೆ ಕೆಲಸ ಕಮ್ಮಿಯಾಗುತ್ತೆ, ಹುಡುಕಲೇಬೇಕಾದ ತಪ್ಪೂ ಕಮ್ಮಿಯಾಗುತ್ತೆ.

ನಿಮ್ಮಲ್ಲಿ ಯಾರಾದರೂ ವಕೀಲರಿದ್ದರೆ ನಾನು ಬರೆದದ್ದರಲ್ಲಿ ಸೇರಿಸೋದು ಏನಿದೆ ತಿಳಿಸಿ. ನಿಮ್ಮೂರಿನಲ್ಲಿ ಹೀಗೆ ಅಳತೆಯನ್ನೇ ಪ್ರಶ್ನಿಸಿ ಗೆದ್ದವರು ಯಾರಾದರೂ ಇದ್ದರೆ ಅದನ್ನೂ ಬರೆಯಿರಿ. ಮುಂದಿನ ಸಲ ಯಾರಿಗಾದರೂ ಧೈರ್ಯ ಹೇಳುವಾಗ ಒಂದು ಉದಾಹರಣೆ ಕೈಯಲ್ಲಿರಲಿ.